ಕೂರಿಸುವ ಹುಡುಗಿ

"ಮುಟ್ಟಬೇಡಿ! ದಯವಿಟ್ಟು ಯಾರೂ ಮುಟ್ಟಬೇಡಿ!"

ಹಾಗೆ ಕೂಗಿದ್ದು ತಾನೇನಾ ಅಂತ ಸಿಂಚನಾಗೇ ಅನುಮಾನವಾಯಿತು. ಜೋರಾಗಿ ಮಾತಾಡಿ ಅಭ್ಯಾಸವಿಲ್ಲದ ಹುಡುಗಿ ಅವಳು. ಅದೂ ಗುರುತು ಪರಿಚಯ ಇಲ್ಲದವರ ಮನೆಯ ನಡುಮನೆಯಲ್ಲಿ ನಿಂತು!

ಗುಬ್ಬಿಯ ಆ ಬೀದಿಯಲ್ಲಿ ಅವಳಿಗೆ ನೆಂಟರಿಲ್ಲ, ಇಷ್ಟರಿಲ್ಲ. ತುಮಕೂರಿನ ಒಂದು ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಳು. ಪಾರ್ಶ್ವವಾಯು ಹೊಡೆದಿದ್ದ ಅಣ್ಣಯ್ಯಪ್ಪ ಎಂಬ ಅಜ್ಜನ ಕೈಕಾಲು ಆಡಿಸಲು ವಾರಕ್ಕೊಮ್ಮೆ ಇಲ್ಲಿಗೆ ಬರುತ್ತಿದ್ದಳು. ಪಕ್ಕದ ಮನೆಯಲ್ಲಿ ಸಾವಾಗಿದೆ ಅಂತ ಅಜ್ಜನ ಸೊಸೆ ಹೇಳಿದ್ದಳು. ಅಲ್ಲಿಂದ ಒಂದು ಗಂಡು ದನಿ "ಅಮ್ಮಾ!" ಎಂದು ಚೀರಿದ್ದು ಕೇಳಿದ ಮೇಲೆ ಅವಳ ಕಾಲು ಅವಳ ಮಾತು ಕೇಳಲಿಲ್ಲ.

ನಡುಮನೆಯಲ್ಲಿ ಚಾಪೆಯ ಮೇಲೆ ಸರ್ವಮಂಗಳಮ್ಮನ ಹೆಣ. ಸುತ್ತ ನಾಲ್ಕಾರು ಗಂಡಸರು. ಕಾಲ ಬಳಿ ಮಂಡಿಯೂರಿ ಕೂತಿದ್ದವನು ಆಕೆಯ ಮಗ ಚನ್ನೇಶ್. ಅವನ ಎರಡೂ ಕೈ ಅಮ್ಮನ ಎಡಮಂಡಿಯ ಮೇಲಿದ್ದವು. ಅವನ ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ.

"ನಿಲ್ಲಿಸ್ಬ್ಯಾಡ ಕಣ್ಲಾ ಚನ್ನೇಶ, ಒತ್ತು. ಎಲ್ಲಾ ಕಡೆ ಹಿಂಗೇ ಮಾಡೋದು. ಒತ್ತದಿದ್ರೆ ಬಗ್ಗಾಕಿಲ್ಲ," ಎನ್ನುತ್ತಿದ್ದರು ಅವನ ದೊಡ್ಡಪ್ಪ ಅಡವಿಯಪ್ಪ.

ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸುತ್ತಾರೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಡುತ್ತಾರೆ. ಪೂಜೆಗೆ ಕೂತವರ ಹಾಗೆ ಕೂತೇ ಮಣ್ಣಿಗೆ ಹೋಗಬೇಕು. ಅದಕ್ಕೇ ಉಸಿರು ನಿಂತ ಸ್ವಲ್ಪ ಹೊತ್ತಿಗೆಲ್ಲ ಕೂರಿಸಿಬಿಡುವುದು ರೂಢಿ. ಆದರೆ ಸರ್ವಮಂಗಳಮ್ಮನ ಮಗಳು ಪುಣೆಯಿಂದ ಬರಬೇಕಿತ್ತು. ಅವಳು ಬರುವ ತನಕ ಇರಲಿ ಅಂತ ಬಾಡಿಗೆಗೆ ಫ್ರೀಜರ್ ಬಾಕ್ಸ್ ತಂದು ಮಲಗಿಸಿಬಿಟ್ಟಿದ್ದರು. ಮೊದಲೇ ಕೂರಿಸಬೇಕು ಅಂತ ಅಳುವ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ಮಗಳು ಬಂದು ಪೆಟ್ಟಿಗೆ ತೆಗೆದಾಗ ತಾಯಿಯ ಮೈ ಹಲಗೆಯ ಹಾಗೆ ಸೆಟೆದುಹೋಗಿತ್ತು.

"ಯಾರವ್ವಾ ನೀನು?" ಅಡವಿಯಪ್ಪ ತಿರುಗಿ ಕೇಳಿದರು.

"ಪಕ್ಕದ ಮನೆ ತಾತಂಗೆ ಕೈಕಾಲು ಆಡಿಸೋಕೆ ಬರ್ತೀನಲ್ಲ, ಅವಳೇ... ಇಷ್ಟು ಬಲ ಹಾಕಬಾರದು. ನನಗೆ ಬಿಡಿ, ನಾನು ನಿಧಾನವಾಗಿ ಬಗ್ಗಿಸ್ತೀನಿ."

"ನಮ್ಮೋರೇನಾ?"

"ಹೂಂ." ಹೇಳಿಬಿಟ್ಟಳು. ಆಮೇಲೆ ಅಳುಕಿದಳು. ಗೊತ್ತಿಲ್ಲದವರ ಹೆಣ ಮುಟ್ಟಿದೆ ಅಂದರೆ ಮನೆಯಲ್ಲಿ ಅಪ್ಪ ಏನನ್ನುತ್ತಾರೋ...

ಅವಳ ಹಿಂಜರಿಕೆ ನೋಡಿ ಅಡವಿಯಪ್ಪನೇ ಅಂದರು, "ಲಿಂಗ ಕಟ್ಟಿದೋರಿಗೆ ಸೂತಕ ಎಲ್ಲೀದವ್ವಾ? ಬಾ, ನಿನ್ ಕೈಲಾದ್ರೆ ಮಾಡು."

ಈ ಮಾತು ನೆನಪಿಟ್ಟುಕೊಳ್ಳಿ. ಆಡಿದವರೇ ಮುಂದೆ ಮರೆಯುತ್ತಾರೆ.

ಬಿಸಿನೀರು ಬಂತು. ಟವೆಲ್ ಅದ್ದಿ ಹಿಂಡಿ ಕೀಲುಗಳ ಮೇಲೆ ಹಾಕಿದಳು. ಬೆರಳಿನಿಂದ ಶುರು ಮಾಡಿದಳು, ಆಮೇಲೆ ಮಣಿಕಟ್ಟು, ಮೊಣಕೈ. ರೋಗಿಗಳ ಜೊತೆ ಮಾತಾಡಿ ರೂಢಿಯಾದ ನಾಲಿಗೆ ಇಲ್ಲೂ ಸುಮ್ಮನಿರಲಿಲ್ಲ.

"ಅಮ್ಮಾ, ಮಂಡಿ ಮಡಿಸ್ತೀನಿ... ನಿಧಾನ... ಅವಸರ ಏನಿಲ್ಲ."

ಮನೆಯಲ್ಲಿದ್ದವರು ಅಳುವುದು ಬಿಟ್ಟು ಅವಳನ್ನೇ ನೋಡಿದರು.

ಎಡಮಂಡಿಗೆ ಬಂದಾಗ ಅವಳ ಕೈ ಒಂದು ಗಳಿಗೆ ನಿಂತಿತು. ತಲೆಯೆತ್ತಿ ಚನ್ನೇಶನ ಮುಖ ನೋಡಿದಳು. ಅವನು ಬೇರೆಲ್ಲೋ ನೋಡುತ್ತಿದ್ದ, ಅವನ ಕೈ ಇನ್ನೂ ನಡುಗುತ್ತಿತ್ತು. ಆಮೇಲೆ ಕೆಲಸ ಮುಂದುವರಿಸಿದಳು.

ಕೊನೆಗೂ ಸರ್ವಮಂಗಳಮ್ಮ ಕೂತರು. ಬೆನ್ನು ಬಾಗದಿರಲಿ ಅಂತ ಕಿಟಕಿಯ ಸರಳಿಗೆ ಕಟ್ಟಬೇಕಿತ್ತು. ಸುತ್ತ ಬಟ್ಟೆ ಕಾಣಲಿಲ್ಲ. ಸಿಂಚನಾ ತನ್ನ ಆಕಾಶ ಬಣ್ಣದ ದುಪಟ್ಟಾ ಎಳೆದು ಕಟ್ಟಿದಳು. ಸೀರೆಯ ನೆರಿಗೆಯನ್ನು ಎಡಮಂಡಿಯ ಮೇಲೆ ಎರಡು ಸಲ ಸರಿ ಮಾಡಿದಳು.

ಪುಣೆಯ ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. "ಚನ್ನೂ... ಅಮ್ಮ ಬೆಳಿಗ್ಗೆ ಪೂಜೆಗೆ ಕೂತಂಗೇ ಅವ್ಳೆ ಕಣೋ..."

ಆ ಮಾತಿಗೆ ಸಿಂಚನಾಳ ಕಣ್ಣು ತುಂಬಿತು. ಡಾಕ್ಟರಾಗಬೇಕು ಅಂದುಕೊಂಡಿದ್ದಳು, ಸೀಟು ಸಿಗಲಿಲ್ಲ. ಸಿಕ್ಕಿದ್ದನ್ನು ಓದಿದಳು, ಸಿಕ್ಕ ಕೆಲಸಕ್ಕೆ ಸೇರಿದಳು. ದಿನವೂ ಬೆಳಿಗ್ಗೆ ಎದ್ದಾಗ 'ನಾನು ಯಾಕೆ ಹೋಗ್ತಿದೀನಿ?' ಅನ್ನಿಸುತ್ತಿತ್ತು. ಇವತ್ತು ಮಾತ್ರ ಅನ್ನಿಸಲಿಲ್ಲ.

'ನನ್ನ ಕೈ ಇರೋದು ಇದಕ್ಕೇನಾ?'

ಯೋಚನೆ ಬಂದದ್ದೇ ಬೆಚ್ಚಿದಳು. ಯಾರಿಗೂ ಹೇಳದೆ ಎದ್ದು ಹೊರಟಳು. ಹೊಸಿಲಲ್ಲಿ ಚನ್ನೇಶ್ ಎದುರಾದ. ಕೈ ಮುಗಿದ.

* * *

ತಿಂಗಳಾದ ಮೇಲೆ ಅವನು ಕ್ಲಿನಿಕ್‌ಗೆ ಬಂದ. ಕೈಯಲ್ಲಿ ಒಂದು ಬಟ್ಟೆ ಅಂಗಡಿಯ ಕವರ್.

"ನಿಮ್ಮ ದುಪಟ್ಟಾ ಅಮ್ಮನ ಜೊತೇಲೇ ಹೋಯ್ತು. ಬಿಚ್ಚೋಕೆ ಮನಸ್ಸು ಬರಲಿಲ್ಲ. ಅದಕ್ಕೇ..."

ತೆಗೆದು ನೋಡಿದರೆ ಅರಿಶಿನ ಬಣ್ಣದ್ದು! ಸಿಂಚನಾಗೆ ನಗು ತಡೆಯಲಾಗಲಿಲ್ಲ.

"ನಂದು ಆಕಾಶ ಬಣ್ಣ ಇತ್ತು. ನೆನಪಿಲ್ವಾ?"

"ಅವತ್ತು ನಾನು ನೋಡಿದ್ದು ನಿಮ್ಮ ಕೈ ಮಾತ್ರ," ಅಂದ ಅವನು. ಅಂದ ಮೇಲೆ ಕಿವಿಯ ತುದಿಯವರೆಗೂ ಕೆಂಪಾದ.

ಪಕ್ಕದ ಟೇಬಲ್ಲಿನಲ್ಲಿದ್ದ ಗೆಳತಿ ಮಾಲಿನಿ ಕೆಮ್ಮಿದಳು. ಆ ಕೆಮ್ಮಿನ ಅರ್ಥ ಹೆಣ್ಣುಮಕ್ಕಳಿಗೆಲ್ಲ ಗೊತ್ತು.

ಆಮೇಲೆ ಇಬ್ಬರೂ ತುಮಕೂರಿನ ಅಮಾನಿಕೆರೆ ಏರಿಯ ಮೇಲೆ ನಡೆದದ್ದಕ್ಕೆ ಲೆಕ್ಕವಿಲ್ಲ. ಚನ್ನೇಶ್ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಟೆಕ್ನೀಷಿಯನ್. "ಬೋಲ್ಟ್ ಬಿಗಿಯೋದೇ ಕೆಲಸ. ಎಷ್ಟು ಬಲ ಹಾಕಬೇಕು ಅಂತ ಮೀಟರ್ ಇರುತ್ತೆ. ಅದಕ್ಕಿಂತ ಒಂದು ಚೂರು ಜಾಸ್ತಿ ಹಾಕಿದ್ರೂ ಕಷ್ಟ," ಅನ್ನುವಾಗ ಅವನ ದನಿ ಯಾಕೋ ಇಳಿಯುತ್ತಿತ್ತು. "ನಿಮಗೆ ಮೀಟರ್ ಇಲ್ದೆ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಕೈಗೆ ಗೊತ್ತಾಗುತ್ತೆ."

'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ನೆನಪಿಲ್ಲ.

ಅಷ್ಟರಲ್ಲಿ ಫೋನುಗಳು ಶುರುವಾಗಿದ್ದವು. ಮೊದಲನೆಯದು ಕೋರದಿಂದ. "ಗುಬ್ಬೀಲಿ ಕೂರಿಸಿದ ಹುಡುಗಿ ನೀನೇನಮ್ಮಾ? ನಮ್ ತಾಯಿ ಹೋಗ್ಬಿಟ್ರು. ಆಸ್ಪತ್ರೆಯಿಂದ ತರೋದು ತಡ ಆಯ್ತು..." ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಆಮೇಲೆ ಸತ್ಯಮಂಗಲ. ಆಮೇಲೆ ಎಲ್ಲೆಲ್ಲಿಂದಲೋ. ತಮ್ಮ ತಾಯಿಯನ್ನು, ಅಕ್ಕನನ್ನು ಒಬ್ಬ ಹೆಣ್ಣೇ ಮೈಮುಟ್ಟಿ ಕೂರಿಸಲಿ ಅಂತ ಬಯಸುವವರು ಇಷ್ಟು ಜನ ಇದ್ದಾರೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಪ್ರತಿ ಮನೆಯಿಂದ ಬರುವಾಗಲೂ ಅತ್ತು ಸುಸ್ತಾಗಿರುತ್ತಿದ್ದಳು. ಆದರೂ ಮನಸ್ಸು ನೆಟ್ಟಗಿರುತ್ತಿತ್ತು.

ಸುದ್ದಿ ಕ್ಲಿನಿಕ್‌ಗೂ ಮುಟ್ಟಿತು. ಸೊಂಟ ನೋವಿಗೆ ಬರುತ್ತಿದ್ದ ಹೆಂಗಸೊಬ್ಬರು, "ಹೆಣ ಮುಟ್ಟೋ ಕೈ ನಂಗೆ ಬೇಡಪ್ಪಾ," ಅಂದು ಎದ್ದು ಹೋದರು. ಮಾರನೆಯ ವಾರ ಇನ್ನಿಬ್ಬರು. ಡಾಕ್ಟರ್ ಒಳ್ಳೆಯವರೇ, ನಯವಾಗಿಯೇ ಹೇಳಿದರು: ಅದೋ ಇದೋ, ಒಂದನ್ನು ಆರಿಸಿಕೋ.

ಅವಳು ಆರಿಸಿಕೊಂಡಳು. ಹೊಟ್ಟೆಪಾಡಿಗೆ ಅಣ್ಣಯ್ಯಪ್ಪನಂಥ ನಾಲ್ಕು ಮನೆಗಳು ಸಾಕು ಅಂದುಕೊಂಡಳು.

ಮನೆಯಲ್ಲಿ ರಂಪ! ಅಪ್ಪ ಮಹಾಲಿಂಗಯ್ಯನವರದು ಮಂಡಿಪೇಟೆಯಲ್ಲಿ ಗ್ರಂಥಿಗೆ ಅಂಗಡಿ. ವಿಭೂತಿ, ಕರ್ಪೂರ, ಕುಂಕುಮ ಮಾರಿಯೇ ಮಗಳನ್ನು ಓದಿಸಿದವರು.

"ಸಾವಿನ ಮನೆಗೆ ವಿಭೂತಿ ನೀವು ಮಾರಬಹುದು, ನಾನು ಹಚ್ಚಬಾರದಾ ಅಪ್ಪಾ?"

"ನಾನು ಅಂಗಡೀಲಿ ಕೂತು ಮಾರ್ತೀನಿ. ನೀನು ಹೆಣ್ಣುಮಗಳು, ನಾಳೆ ಮದುವೆ ಆಗೋಳು!" ಮಗಳ ಕೈ ನೋಡಿದರು. "ಈ ಕೈಯನ್ನ ಯಾರು ಹಿಡೀತಾರೆ ಸಿಂಚೂ?"

ಚನ್ನೇಶ್ ಇದ್ದಾನಲ್ಲ ಅಂತ ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಆದರೆ ಒಂದು ವಿಷಯ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಅವಳ ಫೋನ್ ಬಡಿದುಕೊಂಡಾಗಲೆಲ್ಲ ಅವನು ಎದ್ದು ಹೋಗುತ್ತಿದ್ದ. "ಟೀ ತರ್ತೀನಿ" ಅಂತಲೋ, "ಗಾಡಿ ನೋಡ್ಕೊಂಡು ಬರ್ತೀನಿ" ಅಂತಲೋ. ಸಾವಿನ ಮನೆಯವರೆಗೂ ಬೈಕಿನಲ್ಲಿ ಬಿಡುತ್ತಿದ್ದ, ಬಾಗಿಲಲ್ಲಿ ನಿಂತು ಅವಳು ಮಾಡುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ, ಒಳಗೆ ಮಾತ್ರ ಬರುತ್ತಿರಲಿಲ್ಲ. ಬರುವಾಗ ದಾರಿಯುದ್ದಕ್ಕೂ ಮೌನ.

"ಏನಾಯ್ತೋ ನಿಂಗೆ?"

"ಏನಿಲ್ಲ."

"ನಿಂಗೂ ನಾಚಿಕೆನಾ ನನ್ನ ಕೆಲಸ ಅಂದ್ರೆ?"

"ಏನಿಲ್ಲ ಅಂದ್ನಲ್ಲ ಸಿಂಚೂ!"

ಏನೋ ಇದೆ ಅಂತ ಅವಳಿಗೆ ಗೊತ್ತಿತ್ತು. ಕೇಳಲು ಭಯವಾಗಿ ಸುಮ್ಮನಾದಳು. ಅದೇ ತಪ್ಪಾಯಿತು.

* * *

ಕೊನೆಗೆ ಎರಡೂ ಮನೆಯವರು ಮದುವೆಗೆ ಒಪ್ಪಿದರು. ನಿಶ್ಚಿತಾರ್ಥ ಗುಬ್ಬಿಯಲ್ಲಿ, ಚನ್ನೇಶನ ಮನೆಯಲ್ಲೇ. ಸರ್ವಮಂಗಳಮ್ಮ ಕೊನೆಯದಾಗಿ ಕೂತಿದ್ದ ಅದೇ ನಡುಮನೆಯಲ್ಲಿ ಈಗ ಜಮಖಾನ ಹಾಸಿತ್ತು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಹೂವು. ಸಿಂಚನಾ ಹಸಿರು ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಮಹಾಲಿಂಗಯ್ಯನವರ ಮುಖದಲ್ಲಿ ಬಹಳ ದಿನಗಳ ಮೇಲೆ ಗೆಲುವು ಕಂಡಿತ್ತು.

ತಟ್ಟೆ ಬದಲಾಯಿಸಬೇಕು ಅನ್ನುವಾಗ ಫೋನ್ ಬಡಿದುಕೊಂಡಿತು.

ಬ್ಯಾಗಿನಲ್ಲಿದ್ದ ಫೋನನ್ನು ಮಾಲಿನಿ ತೆಗೆದಳು. ಕೇಳಿದಳು. ಮುಖ ಬಿಳಿಚಿಕೊಂಡಿತು. ಫೋನನ್ನು ಸಿಂಚನಾಳ ಕಿವಿಗೆ ಹಿಡಿದಳು. ಪಕ್ಕದಲ್ಲೇ ಇದ್ದ ಚನ್ನೇಶನಿಗೂ ಆ ಕಡೆಯ ದನಿ ಕೇಳುತ್ತಿತ್ತು.

"ಮೇಡಂ, ಕುಣಿಗಲ್‌ನಿಂದ ಗುರುಪ್ರಕಾಶ್ ಅಂತ... ನನ್ನ ಹೆಂಡ್ತಿ ಜ್ವರ ಬಂದು ಹೋಗ್ಬಿಟ್ಳು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಅವರಪ್ಪ ಅಮ್ಮ ಬರ್ಲಿ ಅಂತ ಫ್ರೀಜರಲ್ಲಿ ಮಲಗಿಸಿದ್ವಿ... ಈಗ ಕಾಲು ಬಗ್ತಿಲ್ಲ. ಒನಕೆ ತನ್ನಿ ಅಂತಿದಾರೆ ಮೇಡಂ... ಅವಳ ಮಂಡಿಗೆ ಹೊಡೀತಾರಂತೆ! ದಯವಿಟ್ಟು ಬನ್ನಿ..."

ಸಿಂಚನಾ ಚನ್ನೇಶನನ್ನು ನೋಡಿದಳು.

'ಒಂದು ಮಾತು ಹೇಳು. ಹೋಗು ಅನ್ನು, ಇಲ್ಲ ಬೇಡ ಅನ್ನು. ಏನಾದ್ರೂ ಹೇಳೋ...'

ಅವನ ಹಣೆಯ ಮೇಲೆ ಬೆವರು. ತಲೆ ತಗ್ಗಿಸಿಬಿಟ್ಟ.

"ನಾನು ಹೋಗಿ ಬರ್ತೀನಿ. ಸಾಯಂಕಾಲದೊಳಗೆ ಬಂದ್ಬಿಡ್ತೀನಿ," ಎಂದು ಅವಳು ಎದ್ದಳು.

"ಎಲ್ಲಿಗವ್ವಾ?" ಅಡವಿಯಪ್ಪ ಗುಡುಗಿದರು. "ಶುಭಕಾರ್ಯ ಬುಟ್ಟು ಹೆಣದ ಮನೆಗಾ? ಎಲೆ ಅಡಿಕೆ ಮುಂದೆ ಕೂತೋಳು?"

"ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ಇದೇ ಮನೇಲಿ ನೀವೇ ಹೇಳಿದ್ರಲ್ಲ ದೊಡ್ಡಪ್ಪಾ."

ಅಡವಿಯಪ್ಪನವರ ಸಿಟ್ಟು ನೆತ್ತಿಗೇರಿತು. "ಈ ಹೊಸಿಲು ದಾಟಿದ್ರೆ ಮತ್ತೆ ಈ ಕಡೆ ಬರಾಂಗಿಲ್ಲ. ಏನ್ಲಾ ಚನ್ನೇಶ, ಹೇಳ್ಲಾ ನೀನು!"

ಎಲ್ಲರೂ ಚನ್ನೇಶನ ಕಡೆ ತಿರುಗಿದರು. ಸಿಂಚನಾ ಹೊಸಿಲಿನ ಈಚೆ ನಿಂತು ಕಾದಳು. ಅವಳ ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು.

ಅವನು ತಲೆ ಎತ್ತಲಿಲ್ಲ.

ಅವಳು ದಾಟಿದಳು.

ಮಾಲಿನಿಯ ಕಾರಿನಲ್ಲಿ ಕುಣಿಗಲ್ ತಲುಪುವ ತನಕ ಅವಳು ಅಳಲಿಲ್ಲ. ಆ ಮನೆಯಲ್ಲಿ ಒನಕೆಯನ್ನು ಗೋಡೆಗೆ ಒರಗಿಸಿಟ್ಟಿದ್ದರು. ಸತ್ತ ಹುಡುಗಿಯ ಕೈಯ ಹಸಿರು ಬಳೆಗಳು ಇನ್ನೂ ಹೊಸದಾಗಿದ್ದವು. ತಾನೂ ಅದೇ ಬಣ್ಣದ ಬಳೆ ತೊಟ್ಟಿದ್ದೇನೆ ಅಂತ ಸಿಂಚನಾಗೆ ಆಗ ಗೊತ್ತಾಯಿತು.

"ತಂಗೀ, ಮಂಡಿ ಮಡಿಸ್ತೀನಿ... ನಿಧಾನ... ಅವಸರ ಏನಿಲ್ಲ."

ಹಾಗಂದಾಗ ಅವಳ ಕಣ್ಣೀರು ಆ ಹುಡುಗಿಯ ಪಾದದ ಮೇಲೆ ಬಿತ್ತು. ಒರೆಸಲಿಲ್ಲ. ಯಾರದೋ ಮಗಳು, ಯಾರದೋ ಹೆಂಡತಿ. ಇನ್ಯಾರಿಗೂ ಇವಳಿಗಾಗಿ ಏನೂ ಮಾಡಲು ಉಳಿದಿಲ್ಲ. ತನಗೆ ಒಂದು ಕೆಲಸ ಉಳಿದಿದೆ. ಇದನ್ನು ಬಿಟ್ಟು ತಾನು ಯಾರ ಮನೆಯ ಸೊಸೆಯಾಗಿ ಹೋದರೂ ಅರ್ಧ ಮನುಷ್ಯಳಾಗಿಯೇ ಹೋದ ಹಾಗೆ ಅಂತ ಅವಳಿಗೆ ಆ ಹೊತ್ತಿನಲ್ಲಿ ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದದ್ದಕ್ಕೆ ಸಂತೋಷವೇನೂ ಆಗಲಿಲ್ಲ. ಎದೆ ಒಡೆದೇಹೋಗಿತ್ತು.

ಬೆನ್ನಿಗೆ ಕಟ್ಟಲು ಬ್ಯಾಗಿಗೆ ಕೈ ಹಾಕಿದಳು. ಸದಾ ಜೊತೆಯಲ್ಲಿಟ್ಟುಕೊಂಡಿರುತ್ತಿದ್ದ ಅರಿಶಿನ ಬಣ್ಣದ ದುಪಟ್ಟಾ ಸಿಕ್ಕಿತು. ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತಳು. ಆಮೇಲೆ ಅದನ್ನೇ ಕಟ್ಟಿದಳು.

ಗುರುಪ್ರಕಾಶ್ ಹೆಂಡತಿಯ ಎದುರು ಕುಸಿದು ಕೂತು ಅವಳ ಮುಖ ನೋಡುತ್ತಲೇ ಇದ್ದ. ಸಿಂಚನಾ ಹಿತ್ತಲಿಗೆ ಹೋಗಿ ಮಾಲಿನಿಯ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಅವನಿಗೂ ನಾಚಿಕೆ ಕಣೇ ಮಾಲಿನಿ... ಅವರಮ್ಮನ್ನ ಕೂರಿಸಿದ ಕೈ ಬೇಕಿತ್ತು, ಹಿಡಿಯೋಕೆ ಮಾತ್ರ ಬೇಡವಾಯ್ತು."

ಅವನು ಆಮೇಲೆ ಎಷ್ಟು ಸಲ ಫೋನ್ ಮಾಡಿದನೋ. ಅವಳು ತೆಗೆಯಲಿಲ್ಲ. ಹೇಳಬೇಕಾದ ಹೊತ್ತಿಗೆ ಹೇಳದವನ ಮಾತು ಈಗ ಯಾಕೆ?

* * *

ವರ್ಷ ಉರುಳಿತು. ಫೋನುಗಳು ಬರುತ್ತಲೇ ಇದ್ದವು, ಮೊದಲಿಗಿಂತ ಹೆಚ್ಚಾಗಿಯೇ. ಯಾರು ನಂಬರ್ ಕೊಡುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಮಗಳ ನಡುವೆ ಮಾತು ಕಡಿಮೆಯಾಗಿತ್ತು. ಅವಳು ತಡವಾಗಿ ಬಂದ ದಿನ ಹಂಡೆಯಲ್ಲಿ ಬಿಸಿನೀರು ಮಾತ್ರ ತುಂಬಿರುತ್ತಿತ್ತು. ಅಮ್ಮ ಕಾಯಿಸಿದ್ದಾಳೆ ಅಂದುಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಕರ್ಪೂರ ತೂಗುತ್ತಿದ್ದ ಮಹಾಲಿಂಗಯ್ಯನವರು ತಕ್ಕಡಿಯ ಮೇಲೆಯೇ ಕುಸಿದರು. ಆಸ್ಪತ್ರೆಯವರೆಗೂ ಹೋಗಬೇಕಾಗಿ ಬರಲಿಲ್ಲ, ಜೀವ ಅಲ್ಲೇ ಹೋಗಿತ್ತು.

ಮನೆಗೆ ತಂದು ಮಲಗಿಸಿದರು. ಬಂದ ನೆಂಟರೆಲ್ಲ, "ಸಿಂಚನಾ ಅವ್ಳಲ್ಲ, ಅಪ್ಪನ್ನ ಅವಳೇ ಕೂರಿಸ್ತಾಳೆ ಬುಡಿ," ಎಂದು ನಿಶ್ಚಿಂತೆಯಿಂದ ಆಚೆ ಹೋಗಿ ಕೂತರು. ಬಿಸಿನೀರು ಬಂತು, ಟವೆಲ್ ಬಂತು.

ಸಿಂಚನಾ ಅಪ್ಪನ ಕಾಲ ಬಳಿ ಕೂತಳು. ಕೈ ಚಾಚಿದಳು.

ಕೈ ಮುಂದೆ ಹೋಗಲಿಲ್ಲ.

ಊರವರ ಅಮ್ಮಂದಿರನ್ನೆಲ್ಲ ಕೂರಿಸಿದ ಕೈ! ಮತ್ತೆ ಚಾಚಿದಳು. ಬೆರಳು ಮರಗಟ್ಟಿದ್ದವು. ಹೊತ್ತು ಹೋಗುತ್ತಿತ್ತು. ತಡವಾದಷ್ಟೂ ಮೈ ಸೆಟೆಯುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 'ಏಳು ಸಿಂಚೂ... ನಿನ್ನಪ್ಪ ಕಣೇ... ಇಲ್ಲಾಂದ್ರೆ ಇವರೂ ಒನಕೆ ತರ್ತಾರೆ...' ಎಷ್ಟು ಬೈದುಕೊಂಡರೂ ಕೈ ಅಲುಗಲಿಲ್ಲ. ಆಚೆ ಯಾರೋ ಪಿಸುಗುಟ್ಟಲು ಶುರು ಮಾಡಿದರು.

"ಮಾಲಿನಿ, ನನ್ನ ಕೈಲಿ ಆಗ್ತಿಲ್ಲ... ಆಗ್ತಿಲ್ಲ ಕಣೇ!"

ಮಾಲಿನಿ ಅವಳನ್ನು ತಬ್ಬಿಕೊಂಡಳು. "ಗೊತ್ತು. ಅವನಿಗೆ ಆಗ್ಲೇ ಫೋನ್ ಮಾಡಿದೀನಿ. ಬರ್ತಿದಾನೆ."

"ಯಾರು?"

ಉತ್ತರ ಬೇಕಾಗಲಿಲ್ಲ. ಬಾಗಿಲಲ್ಲಿ ಚನ್ನೇಶ್ ನಿಂತಿದ್ದ. ಫ್ಯಾಕ್ಟರಿಯ ಯೂನಿಫಾರಂ ಇನ್ನೂ ಮೈಮೇಲಿತ್ತು. ಯಾವ ಸಾವಿನ ಮನೆಯಲ್ಲೂ ಬಾಗಿಲು ದಾಟದಿದ್ದವನು ಚಪ್ಪಲಿ ಬಿಟ್ಟು ಒಳಗೆ ಬಂದ. ಅವಳ ಕಡೆ ನೋಡಲಿಲ್ಲ. ಕೈಕಾಲು ತೊಳೆದು ಬಂದು ಮಹಾಲಿಂಗಯ್ಯನವರ ಪಕ್ಕ ಕೂತ. ಟವೆಲ್ ಅದ್ದಿ ಹಿಂಡಿದ. ಬೆರಳಿನಿಂದ ಶುರು ಮಾಡಿದ, ಆಮೇಲೆ ಮಣಿಕಟ್ಟು, ಮೊಣಕೈ. ಬಾಗಿಲಲ್ಲಿ ನಿಂತು ಅವನು ಅಷ್ಟು ದಿನ ನೋಡಿದ್ದೇನು ಅಂತ ಸಿಂಚನಾಗೆ ಈಗ ತಿಳಿಯಿತು.

"ಮಾವಾ, ಮಂಡಿ ಮಡಿಸ್ತೀನಿ... ನಿಧಾನ... ಅವಸರ ಏನಿಲ್ಲ."

ಅವಳದೇ ಮಾತು. 'ಮಾವಾ' ಅನ್ನುವುದೊಂದು ಮಾತ್ರ ಅವನದು. ಬೆಳಗಿನಿಂದ ಬಾರದಿದ್ದ ಅಳು ಸಿಂಚನಾಗೆ ಆಗ ಬಂತು.

ಎಡಮಂಡಿಯ ಬಳಿ ಅವನ ಕೈ ನಿಂತಿತು. ಅವನ ಹಣೆಯ ಮೇಲೆ ಅದೇ ಬೆವರು, ನಿಶ್ಚಿತಾರ್ಥದ ದಿನ ಕಂಡದ್ದು. ಅವನು ಕಣ್ಣು ಮುಚ್ಚಿದ.

ಯಾವಾಗ ಎದ್ದಳೋ ಅವಳಿಗೇ ಗೊತ್ತಿಲ್ಲ. ಬಂದು ಪಕ್ಕದಲ್ಲಿ ಕೂತು ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಮರಗಟ್ಟಿದ್ದ ಬೆರಳು ಅಲುಗಿದವು.

"ಇಷ್ಟೇ ಬಲ ಸಾಕು," ಎಂದಳು ಮೆಲ್ಲಗೆ.

ಇಬ್ಬರೂ ಸೇರಿ ಅಪ್ಪನನ್ನು ಕೂರಿಸಿದರು. ವಿಭೂತಿ ಹಚ್ಚಿದರು. ಮಹಾಲಿಂಗಯ್ಯನವರು ಅಂಗಡಿಯ ಗಾದಿಯ ಮೇಲೆ ಕೂತು ಗಿರಾಕಿಗೆ ಕಾಯುತ್ತಿದ್ದ ಹಾಗೆಯೇ ಕಂಡರು. ಅಮ್ಮ ಬಂದು ಗಂಡನ ಹಣೆ ಮುಟ್ಟಿ ಎದುರಿಗೆ ಕೂತಳು.

* * *

ಒಳಗೆ ಐನೋರು ಬಂದು ಶಾಸ್ತ್ರ ಶುರು ಮಾಡಿದ್ದರು. ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಚನ್ನೇಶ್ ನಿಂತಿದ್ದ. ಸಿಂಚನಾ ಬಂದು ಸ್ವಲ್ಪ ದೂರದಲ್ಲಿ ನಿಂತಳು.

"ಯಾಕೆ ಬಂದೆ?"

"ನಿಮ್ಮಪ್ಪ ಕರೆದಿದ್ರು."

"ಅಪ್ಪನಾ?"

"ನಿನ್ನ ಸುದ್ದಿ ಕೇಳೋಕೆ ವಿಭೂತಿ ತಗೊಳ್ಳೋ ನೆಪದಲ್ಲಿ ಅಂಗಡಿಗೆ ಬರ್ತಿದ್ದೆ. ಮೊದಮೊದಲು ಮುಖ ಕೊಡ್ತಿರಲಿಲ್ಲ. ಆಮೇಲೆ ಅವರೇ ಹೇಳೋರು, ಮಗಳು ಇವತ್ತು ಇಂಥ ಊರಿಗೆ ಹೋಗವ್ಳೆ ಅಂತ. ನಮ್ಮನೇಲಿ ಈಗ ವಿಭೂತಿ ಮೂಟೆಗಟ್ಟಲೆ ಇದೆ." ನಗಲು ನೋಡಿದ, ಆಗಲಿಲ್ಲ. "ಸಾವಿನ ಮನೆಯವರು ಸಾಮಾನಿಗೆ ಬಂದಾಗ ನಿನ್ನ ನಂಬರ್ ಕೊಡ್ತಿದ್ದೋರು ಅವರೇ ಕಣೇ. ನಾನೇ ನೋಡಿದೀನಿ. ನನ್ನ ಮಗಳು ಬರ್ತಾಳೆ, ಚೆನ್ನಾಗಿ ಕೂರಿಸ್ತಾಳೆ ಅನ್ನೋರು. ಮನೆಗೆ ಬೇಗ ಹೋಗಿ ನೀರು ಕಾಯಿಸಬೇಕು ಅಂತ ಅಂಗಡಿ ಬಾಗಿಲು ಹಾಕೋರು."

ಸಿಂಚನಾ ಕಲ್ಲಿನ ಮೇಲೆ ಕುಸಿದು ಕೂತಳು. ಹಂಡೆಯ ಬಿಸಿನೀರು! ಒಂದು ವರ್ಷ ಒಂದೇ ಮನೆಯಲ್ಲಿದ್ದು ಅಪ್ಪ ಅದನ್ನು ಹೇಳಲಿಲ್ಲ, ಅವಳು ಕೇಳಲಿಲ್ಲ. ಇನ್ನು ಕೇಳುವ ಹಾಗೂ ಇಲ್ಲ.

"ಹೋದ ತಿಂಗಳು ಅಂದ್ರು... ನನ್ನನ್ನ ಕೂರಿಸೋವಾಗ ಅವಳ ಕೈಲಿ ಆಗಲ್ಲ, ನೀನು ಬರ್ತೀಯೇನಪ್ಪಾ ಅಂತ. ಮಾಲಿನಿಗೂ ಹೇಳಿಟ್ಟಿದ್ರಂತೆ."

ಸಿಂಚನಾ ಬಹಳ ಹೊತ್ತು ಅತ್ತಳು. ಅವನು ಸಮಾಧಾನ ಮಾಡಲು ಬರಲಿಲ್ಲ, ಅಲ್ಲೇ ನಿಂತಿದ್ದ.

"ಮತ್ತೆ ಅವತ್ತು ಯಾಕೆ ಸುಮ್ಮನಿದ್ದೆ?" ಕೊನೆಗೆ ಕೇಳಿದಳು. "ಹೊಸಿಲಲ್ಲಿ ನಿಂತು ಎಷ್ಟು ಕಾದೆ ಗೊತ್ತಾ? ನಿಂಗೂ ನಾಚಿಕೆ ಅಂದ್ಕೊಂಡೆ."

"ನಾಚಿಕೆ ನನ್ನ ಮೇಲಿತ್ತು." ಅವನು ತನ್ನ ಅಂಗೈ ನೋಡಿಕೊಂಡ. "ಆ ಫೋನಲ್ಲಿ ಮಂಡಿ ಅಂದ ತಕ್ಷಣ ನಂಗೆ ಆ ಸದ್ದು ಕೇಳಿಸ್ತು ಸಿಂಚೂ. ಪ್ರತಿ ಫೋನಿಗೂ ಕೇಳಿಸೋದು. ಅವತ್ತು ನೀನು ಬರೋಕೆ ಮುಂಚೆ ನಾನು ಒತ್ತಿದ್ದೆ. ದೊಡ್ಡಪ್ಪ ಜೋರಾಗಿ ಅಂದ್ರು, ನಾನು ಜೋರಾಗಿ... ಅಮ್ಮನ ಎಡಮಂಡಿ ಲಟಕ್ ಅಂತು. ನನ್ನ ಕೈಯಾರೆ ನಾನು ಅಮ್ಮನ ಕಾಲು ಮುರಿದೆ. ನಿಂಗೆ ಗೊತ್ತಾದ್ರೆ ನೀನು ನನ್ನ ಮುಖ ನೋಡಲ್ಲ ಅಂತ ಹೇಳ್ಲಿಲ್ಲ."

ಒಳಗಿನಿಂದ ಶಂಖದ ದನಿ ಬಂತು.

"ನಂಗೆ ಗೊತ್ತಿತ್ತು," ಅಂದಳು ಸಿಂಚನಾ.

"ಏನು?"

"ಅವತ್ತೇ ಗೊತ್ತಿತ್ತು. ಎಡಮಂಡಿ ಮುಟ್ಟಿದಾಗ್ಲೇ. ಅದಕ್ಕೇ ನೆರಿಗೆ ಎಳೆದು ಮುಚ್ಚಿದೆ, ನಿಮ್ಮಕ್ಕಂಗೆ ಕಾಣಬಾರದು ಅಂತ."

ಚನ್ನೇಶ್ ದಂಗಾಗಿ ಅವಳನ್ನು ನೋಡಿದ. "ಗೊತ್ತಿದ್ದೂ... ಗೊತ್ತಿದ್ದೂ ನನ್ನ ಪ್ರೀತಿಸಿದ್ಯಾ?"

"ಅಮ್ಮಂಗೆ ನೋವಾಗಿರಲಿಲ್ಲ ಕಣೋ. ನೋವು ನಿಂಗಾಗಿತ್ತು. ನಿನ್ನ ಕೈ ನಡುಗೋದು ನೋಡಿದ್ದೆ ನಾನು. ಅವತ್ತು ನೀನು ನನ್ನ ಕೈ ಮಾತ್ರ ನೋಡಿದೆ ಅಂದ್ಯಲ್ಲ, ನಾನೂ ನಿನ್ನ ಕೈಯನ್ನೇ ನೋಡಿದ್ದು. ಒಂದು ಮಾತು ಹೇಳಿದ್ರೆ ಸಾಕಿತ್ತು ಚನ್ನೂ. ನಾನೂ ಹೇಳ್ಲಿಲ್ಲ, ನೀನೂ ಹೇಳ್ಲಿಲ್ಲ."

ಅವನು ಮಗುವಿನ ಹಾಗೆ ಅತ್ತ. ತಾಯಿ ಸತ್ತ ದಿನ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತ. ಸಿಂಚನಾ ಎದ್ದು ಅವನ ಹತ್ತಿರ ಬಂದಳು.

"ಈ ಕೈಯನ್ನ ಯಾರು ಹಿಡೀತಾರೆ ಅಂತ ಅಪ್ಪ ಕೇಳ್ತಿದ್ರು," ಅಂದಳು. ವಿಭೂತಿ ಮೆತ್ತಿದ ಬೆರಳುಗಳನ್ನು ಅರ್ಧಕ್ಕೆ ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಂಡಳು. "ಇರು... ಇನ್ನೂ ತೊಳೆದಿಲ್ಲ."

"ನಂದೂ ತೊಳೆದಿಲ್ಲ ಕಣೇ," ಎಂದು ಚನ್ನೇಶ್ ಕೈ ಚಾಚಿದ.